ಔಟರ್ ಬ್ಯಾಂಕ್ಸ್‌ಗೆ ಹೊರಟವರ ಪ್ರಶ್ನೆಗಳು

ಅಮೆರಿಕದ ಪೂರ್ವ ಕರಾವಳಿಯಲ್ಲಿ, ನಾರ್ತ್ ಕ್ಯಾರೊಲಿನಾ ರಾಜ್ಯದ ಮುಂದೆ ಸುಮಾರು 320 ಕಿ.ಮೀ. ಉದ್ದಕ್ಕೆ ಚಾಚಿಕೊಂಡಿರುವ ಮರಳ ದ್ವೀಪಗಳ ಸಾಲೇ ಔಟರ್ ಬ್ಯಾಂಕ್ಸ್. ಒಂದು ಮಗ್ಗುಲಿಗೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಮಗ್ಗುಲಿಗೆ ಅಲ್ಲಿಯವರು 'ಸೌಂಡ್' ಎನ್ನುವ ವಿಶಾಲ ಹಿನ್ನೀರು. ಕೆಲವು ಕಡೆ ಈ ದಡದಿಂದ ಆ ದಡಕ್ಕೆ ಹತ್ತು ನಿಮಿಷದಲ್ಲಿ ನಡೆದು ಹೋಗಬಹುದು. ಅಮೆರಿಕದಲ್ಲಿರುವ ಓದುಗರಿಂದಲೂ, ಮಕ್ಕಳ ಮನೆಗೆಂದು ಅಲ್ಲಿಗೆ ಹೋಗುವ ಹಿರಿಯರಿಂದಲೂ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಜುಲೈನಲ್ಲಿ ಎಂಟು ಜನ ಒಂದು ವಾರಕ್ಕೆ ಹೋಗಬೇಕೆಂದಿದ್ದೇವೆ. ಮ್ಯಾಪ್ ನೋಡಿದರೆ ಹತ್ತಾರು ಊರುಗಳಿವೆ. ಮನೆ ಎಲ್ಲಿ ಹಿಡಿಯುವುದು?

ಉತ್ತರ: ಮೊದಲ ಸಲ ಹೋಗುವವರಿಗೆ ಕಿಟಿ ಹಾಕ್, ಕಿಲ್ ಡೆವಿಲ್ ಹಿಲ್ಸ್, ನ್ಯಾಗ್ಸ್ ಹೆಡ್ ಈ ಮೂರರಲ್ಲಿ ಯಾವುದಾದರೂ ಆಗಬಹುದು. ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ದಿನಸಿ ಅಂಗಡಿ, ಔಷಧಿ ಅಂಗಡಿ ಕೈಗೆಟಕುವಷ್ಟು ಹತ್ತಿರ, ನ್ಯಾಗ್ಸ್ ಹೆಡ್‌ನಲ್ಲಿ ಆಸ್ಪತ್ರೆಯೂ ಇದೆ. ಇಲ್ಲಿ ವಿಳಾಸ ಹೇಳುವುದು ಮೈಲಿಪೋಸ್ಟ್ ಲೆಕ್ಕದಲ್ಲಿ. ಉತ್ತರದ ರೈಟ್ ಮೆಮೋರಿಯಲ್ ಸೇತುವೆಯ ಕಡೆಯಿಂದ ಎಣಿಕೆ ಶುರುವಾಗಿ ದಕ್ಷಿಣಕ್ಕೆ ಏರುತ್ತ ಹೋಗುತ್ತದೆ. 'ಮೈಲಿಪೋಸ್ಟ್ 9, ಬೀಚ್ ರಸ್ತೆ' ಎಂದರೆ ಸಮುದ್ರದ ಬದಿಯ ರಾಜ್ಯ ಹೆದ್ದಾರಿ ಎನ್‌ಸಿ 12. 'ಬೈಪಾಸ್' ಎಂದರೆ ಅದಕ್ಕೆ ಸಮಾನಾಂತರವಾಗಿ ಓಡುವ ಅಗಲ ರಸ್ತೆ, ಯುಎಸ್ 158. ಮನೆ ಬೀಚ್ ರಸ್ತೆಯ ಸಮುದ್ರದ ಬದಿಗಿದೆಯೋ ಎರಡು ರಸ್ತೆಗಳ ನಡುವೆ ಇದೆಯೋ ಕೇಳಿಕೊಳ್ಳಿ. ಬೈಪಾಸಿನ ಆಚೆ ಇದ್ದರೆ ಬಾಡಿಗೆ ಕಡಿಮೆ, ನಿಜ. ಆದರೆ ಮಕ್ಕಳನ್ನು ಕಟ್ಟಿಕೊಂಡು, ಕುರ್ಚಿ ಕೊಡೆ ಹೊತ್ತುಕೊಂಡು, ಐದು ಸಾಲು ವಾಹನ ಓಡುವ ರಸ್ತೆಯನ್ನು ದಿನಕ್ಕೆ ನಾಲ್ಕು ಸಲ ದಾಟಬೇಕಾಗುತ್ತದೆ.

ಉತ್ತರದ ಡಕ್ ಮತ್ತು ಕೊರೊಲಾ ಊರುಗಳು ಚೆಂದ, ಮನೆಗಳೂ ದೊಡ್ಡವು. ಆದರೆ ಅಲ್ಲಿಗೆ ಹೋಗಲು ಇರುವುದು ಎರಡು ಸಾಲಿನ ಒಂದೇ ರಸ್ತೆ. ಡಕ್‌ನಲ್ಲಿ ಹೊರಗಿನವರು ಕಾರು ನಿಲ್ಲಿಸಿ ಬೀಚಿಗಿಳಿಯುವಂಥ ಸಾರ್ವಜನಿಕ ಜಾಗವೇ ಇಲ್ಲ. ಅಲ್ಲೇ ಮನೆ ಹಿಡಿದವರಿಗೆ ಮಾತ್ರ ಆ ಬೀಚು ಅನುಕೂಲ. ದಕ್ಷಿಣದ ಹ್ಯಾಟರಸ್ ದ್ವೀಪದಲ್ಲಿ ರೊಡ್ಯಾಂತೆಯಿಂದ ಹ್ಯಾಟರಸ್ ಗ್ರಾಮದವರೆಗೆ ಏಳು ಪುಟ್ಟ ಊರುಗಳಿವೆ, ಅವುಗಳ ನಡುವೆ ಮೈಲಿಗಟ್ಟಲೆ ರಾಷ್ಟ್ರೀಯ ಸಂರಕ್ಷಿತ ಕಡಲತೀರ. ನೀರವತೆ ಬೇಕೆನ್ನುವವರು ಅಲ್ಲಿಗೇ ಹೋಗಬೇಕು. ಪೇಟೆ ಬೇಕೆನ್ನುವವರಿಗೆ ಎರಡೇ ದಿನದಲ್ಲಿ ಬೇಜಾರಾದೀತು.

ಇನ್ನು ದಾರಿ. ವಾರದ ಬಾಡಿಗೆ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ, ಇಲ್ಲವೇ ಭಾನುವಾರದಿಂದ ಭಾನುವಾರಕ್ಕೆ. ಬೆಳಿಗ್ಗೆ ಹತ್ತಕ್ಕೆ ಹಳಬರು ಖಾಲಿ ಮಾಡುತ್ತಾರೆ, ಸಂಜೆ ನಾಲ್ಕಕ್ಕೆ ಹೊಸಬರು ಒಳಗೆ. ಹೀಗಾಗಿ ಬೇಸಿಗೆಯ ಶನಿವಾರ ಇಡೀ ಜನಸಂದಣಿ ಒಂದೇ ಸೇತುವೆಯ ಮೇಲೆ ಬರುತ್ತದೆ. ನಾರ್ಫೋಕ್ ವಿಮಾನ ನಿಲ್ದಾಣದಿಂದ ಕಿಟಿ ಹಾಕ್‌ಗೆ ಸುಮಾರು 130 ಕಿ.ಮೀ.; ಮಾಮೂಲಿ ದಿನ ಎರಡು ಗಂಟೆಯೊಳಗಿನ ದಾರಿ, ಆ ದಿನ ಅದರ ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ಭಾನುವಾರ ಬದಲಾಗುವ ಮನೆ ಹಿಡಿಯಿರಿ. ಆಗದಿದ್ದರೆ ಬೆಳಗಿನ ಹತ್ತರೊಳಗೆ ಸೇತುವೆ ದಾಟಿಬಿಡಿ. ರಾಲಿ ಕಡೆಯಿಂದ ಬರುವವರು ಯುಎಸ್ 64 ಹಿಡಿದು ರೊನೋಕ್ ದ್ವೀಪದ ವರ್ಜೀನಿಯಾ ಡೇರ್ ಸೇತುವೆಯಿಂದ ನ್ಯಾಗ್ಸ್ ಹೆಡ್‌ಗೆ ಬಂದರೆ ಈ ಗೋಜಲೇ ಇಲ್ಲ.

ಪ್ರಶ್ನೆ: ಅತ್ತೆ ಮಾವ ಇಬ್ಬರಿಗೂ ಮಂಡಿನೋವು. ಮನೆಯ ಫೋಟೊ ನೋಡಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಬುಕ್ ಮಾಡುವಾಗ ಏನೇನು ವಿಚಾರಿಸಬೇಕು?

ಉತ್ತರ: ಮೆಟ್ಟಿಲು. ಮೊದಲ ಪ್ರಶ್ನೆ ಇದೇ ಆಗಿರಲಿ. ಇಲ್ಲಿನ ಮನೆಗಳನ್ನು ಪ್ರವಾಹದ ಭಯಕ್ಕೆ ಮರದ ಕಂಬಗಳ ಮೇಲೆ ಕಟ್ಟಿರುತ್ತಾರೆ. ನೆಲಮಟ್ಟದಲ್ಲಿ ಇರುವುದು ಕಾರು ನಿಲ್ಲಿಸುವ ಜಾಗವಷ್ಟೇ. ಅದರ ಮೇಲೆ ಇನ್ನೊಂದು ಪದ್ಧತಿ ಇದೆ: ಸಮುದ್ರ ಕಾಣಲೆಂದು ಅಡುಗೆಮನೆ, ಊಟದ ಮೇಜು, ಹಾಲ್ ಎಲ್ಲವೂ ತೀರ ಮೇಲಿನ ಅಂತಸ್ತಿನಲ್ಲಿ, ಮಲಗುವ ಕೋಣೆಗಳು ಕೆಳಗೆ. ಅಂದರೆ ಒಂದು ಲೋಟ ಕಾಫಿಗೂ ಎರಡು ಅಂತಸ್ತು ಹತ್ತಬೇಕು. ಆದ್ದರಿಂದ ಲಿಫ್ಟ್ ಇರುವ ಮನೆಯನ್ನೇ ಹುಡುಕಿ, ದೊಡ್ಡ ಮನೆಗಳಲ್ಲಿ ಬಹಳಷ್ಟಕ್ಕೆ ಇರುತ್ತದೆ. ಬೀಚಿಗೆ ಹೋಗುವ ಮರದ ಸೇತುವೆಯ ಆಚೆ ಕೊನೆಗೆ ಎಷ್ಟು ಮೆಟ್ಟಿಲಿವೆ ಎಂಬುದನ್ನೂ ಕೇಳಿ. ಒಂದು ಚಳಿಗಾಲದ ಬಿರುಗಾಳಿ ಮರಳನ್ನು ಕೊಚ್ಚಿಕೊಂಡು ಹೋದರೆ ಕೊನೆಯ ಮೆಟ್ಟಿಲಿಗೂ ಮರಳಿಗೂ ಮೂರು ನಾಲ್ಕು ಅಡಿ ಅಂತರ ಬಿದ್ದಿರುತ್ತದೆ, ಫೋಟೊ ಹಳೆಯದಾದರೆ ಇದು ಗೊತ್ತೇ ಆಗುವುದಿಲ್ಲ.

ಹಾಸಿಗೆ ಬಟ್ಟೆ, ಟವೆಲ್ ಬಾಡಿಗೆಯಲ್ಲಿ ಸೇರಿದೆಯೇ ನೋಡಿ. ಎಷ್ಟೋ ಮನೆಗಳಲ್ಲಿ ಇರುವುದಿಲ್ಲ. 'ಹತ್ತು ಜನಕ್ಕೆ' ಎಂದಿದ್ದರೆ ಹತ್ತೇ ಜನ ಇರಿ. ಆ ಸಂಖ್ಯೆ ಮಂಚ ಎಣಿಸಿ ಬರೆದದ್ದಲ್ಲ. ಬಹುತೇಕ ಮನೆಗಳಿಗೆ ಊರಿನ ಒಳಚರಂಡಿ ಇಲ್ಲ, ಅಂಗಳದ ಮರಳಿನಡಿ ಸೆಪ್ಟಿಕ್ ಟ್ಯಾಂಕ್ ಇರುತ್ತದೆ. ಅದು ತಾಳುವಷ್ಟೇ ಜನಕ್ಕೆ ಪರವಾನಗಿ. ಎಣ್ಣೆ, ಅನ್ನದ ಅಗುಳು ಸಿಂಕಿಗೆ ಸುರಿಯಬೇಡಿ.

ಪ್ರಶ್ನೆ: ಸಮುದ್ರ ಸ್ನಾನಕ್ಕೆ ಸುರಕ್ಷಿತವೇ? ನಮ್ಮಲ್ಲಿ ಈಜು ಬರುವುದು ಇಬ್ಬರಿಗೆ ಮಾತ್ರ.

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸಬೇಕು, ಏಕೆಂದರೆ ಇಲ್ಲಿ ಜೀವ ಕಳೆದುಕೊಳ್ಳುವವರಲ್ಲಿ ಒಳ್ಳೆಯ ಈಜುಗಾರರೂ ಇರುತ್ತಾರೆ.

ದಡದಿಂದ ತುಸು ದೂರದಲ್ಲಿ, ನೀರೊಳಗೆ ದಡಕ್ಕೆ ಸಮಾನಾಂತರವಾಗಿ ಮರಳಿನ ದಿಣ್ಣೆ ಇರುತ್ತದೆ. ಅಲೆಗಳು ಅದನ್ನು ದಾಟಿ ಒಳಗೆ ನೀರು ತುಂಬುತ್ತವೆ. ಆ ನೀರು ವಾಪಸು ಹೋಗಬೇಕಲ್ಲ? ದಿಣ್ಣೆಯಲ್ಲಿ ಎಲ್ಲಿ ಕಂಡಿ ಬಿದ್ದಿದೆಯೋ ಅಲ್ಲಿಂದ ರಭಸವಾಗಿ ನುಗ್ಗುತ್ತದೆ. ಇದೇ ರಿಪ್ ಕರೆಂಟ್, ಹೊರಸೆಳೆತ. ಅದು ಆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಎಳೆಯುತ್ತದೆ. ಬೀಚಿಗಿಳಿಯುವ ಮೊದಲು ಮರದ ಮೆಟ್ಟಿಲ ಮೇಲೆಯೇ ಐದು ನಿಮಿಷ ನಿಂತು ನೋಡಿ. ಬಿಳಿ ನೊರೆಯ ಸಾಲಿನಲ್ಲಿ ಒಂದು ಕಡೆ ಅಲೆ ಒಡೆಯುತ್ತಲೇ ಇಲ್ಲ, ನೀರಿನ ಬಣ್ಣ ಬೇರೆ ಇದೆ, ನೊರೆ ಅಥವಾ ಕಲಕಿದ ಮರಳು ಸಮುದ್ರದ ಕಡೆಗೆ ಹರಿಯುತ್ತಿದೆ ಎಂದರೆ ಅದೇ ಸೆಳೆತದ ಬಾಯಿ. ಈಜು ಬಾರದವರಿಗೆ ಅದು ಶಾಂತವಾದ ಜಾಗದಂತೆ ಕಾಣುತ್ತದೆ, ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ. ಹೆಚ್ಚಿನ ಅವಘಡ ಆಗುವುದು ಹೀಗೆ.

ಸಿಕ್ಕಿಕೊಂಡರೆ ದಡದ ಕಡೆಗೆ ಗುದ್ದಾಡಬೇಡಿ, ಸುಸ್ತಾಗಿ ಮುಳುಗುವುದು ಅದರಿಂದಲೇ. ಮೊದಲು ತೇಲಿ, ಕೈ ಎತ್ತಿ ಬೀಸಿ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದ ಮೇಲೆ ಓರೆಯಾಗಿ ದಡ ಸೇರಿ. ದಡದಲ್ಲಿರುವವರು ಬರಿಗೈಯಲ್ಲಿ ನೀರಿಗೆ ಹಾರಬಾರದು. ಕಾಪಾಡಲು ಹೋದವರೇ ಮುಳುಗಿದ ಉದಾಹರಣೆಗಳು ಬಹಳ. ತೇಲುವಂಥದ್ದೇನಾದರೂ ಎಸೆಯಿರಿ, ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಯಾವ ಬೀಚ್ ಪ್ರವೇಶದ ಎದುರು ಎಂದು ಹೇಳಿ. ಆ ಹೆಸರಿನ ಫಲಕ ದಾರಿಯಲ್ಲೇ ಇರುತ್ತದೆ. ಇಳಿಯುವಾಗಲೇ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಕೆಂಪು ಬಾವುಟ ಹಾರಿದ ದಿನ ನೀರಿಗಿಳಿಯಲೇಬೇಡಿ. ಬಿಸಿಲು ಚೆನ್ನಾಗಿದೆ, ಗಾಳಿಯೂ ಇಲ್ಲ, ಮತ್ತೇಕೆ ಬಾವುಟ ಎಂದು ಅನ್ನಿಸಬಹುದು. ನೂರಾರು ಮೈಲಿ ಆಚೆ ಇರುವ ಚಂಡಮಾರುತದ ಉಬ್ಬಲೆಗಳು ಇಲ್ಲಿಗೆ ಮೊದಲು ತಲುಪುತ್ತವೆ, ಮೋಡ ಆಮೇಲೆ. ಜೀವರಕ್ಷಕರು ಎಲ್ಲ ಕಡೆ ಇರುವುದಿಲ್ಲ. ಕಿಲ್ ಡೆವಿಲ್ ಹಿಲ್ಸ್, ನ್ಯಾಗ್ಸ್ ಹೆಡ್‌ಗಳ ಕೆಲವು ಪ್ರವೇಶಗಳಲ್ಲಿ, ದಕ್ಷಿಣಕ್ಕೆ ಕೊಕೀನಾ ಬೀಚಿನಂಥ ಜಾಗಗಳಲ್ಲಿ ಬೇಸಿಗೆಯಲ್ಲಿ ಇರುತ್ತಾರೆ. ಈಜು ಬಾರದ ಕುಟುಂಬ ಅಲ್ಲಿಗೇ ಹೋಗಬೇಕು, ಮನೆಯ ಎದುರಿನ ಬೀಚ್ ಎಷ್ಟೇ ಹತ್ತಿರವಿರಲಿ.

ಹಿರಿಯರ ಬಗ್ಗೆ ಒಂದು ಮಾತು. ದಡ ಕಡಿದಾಗಿರುವ ಕಡೆ, ಉಬ್ಬರದ ಹೊತ್ತಿನಲ್ಲಿ, ಅಲೆ ಮೊಣಕಾಲುದ್ದದ ನೀರಿನಲ್ಲೇ ಅಪ್ಪಳಿಸಿ ಒಡೆಯುತ್ತದೆ. ಸಮುದ್ರಕ್ಕೆ ಬೆನ್ನು ಹಾಕಿ ಫೋಟೊಗೆ ನಿಂತವರು ಬಿದ್ದು ಕುತ್ತಿಗೆಗೆ, ಭುಜಕ್ಕೆ ಪೆಟ್ಟು ಮಾಡಿಕೊಳ್ಳುತ್ತಾರೆ. ಸೀರೆ, ಪಂಚೆ ನೆನೆದರೆ ಕಾಲಿಗೆ ಸುತ್ತಿಕೊಂಡು ಏಳಲು ಬಿಡುವುದಿಲ್ಲ. ಮೊಣಕಾಲವರೆಗಿನ ಬೇಗ ಒಣಗುವ ಪ್ಯಾಂಟು ಹಾಕಿಸಿ, ಇಳಿತದ ಹೊತ್ತಿಗೆ ಕರೆದುಕೊಂಡು ಹೋಗಿ, ಕೈ ಹಿಡಿದುಕೊಂಡಿರಿ.

ಅದಕ್ಕಿಂತ ಒಳ್ಳೆಯದು ಹಿನ್ನೀರಿನ ಬದಿ. ನ್ಯಾಗ್ಸ್ ಹೆಡ್‌ನ ಜಾಕೀಸ್ ರಿಜ್ ಪಾರ್ಕಿನ ಸೌಂಡ್ ಬದಿಯ ದಡದಲ್ಲಿ ಬಹಳ ದೂರದವರೆಗೆ ನೀರು ಮೊಣಕಾಲಿನಿಂದ ಸೊಂಟದ ಮಟ್ಟ, ಅಲೆಯೇ ಇಲ್ಲ, ಸಮುದ್ರಕ್ಕಿಂತ ಬೆಚ್ಚಗೆ. ಅಡಿಯಲ್ಲಿ ಚಿಪ್ಪುಗಳಿರುವುದರಿಂದ ಕಾಲಿಗೆ ನೀರಿನಲ್ಲಿ ಹಾಕುವಂಥ ಚಪ್ಪಲಿ ಬೇಕು. ಗಾಳಿ ತುಂಬಿದ ತೆಪ್ಪ, ತೇಲುವ ಹಾಸಿಗೆಗಳ ವಿಷಯದಲ್ಲಿ ಮಾತ್ರ ಗಾಳಿಯ ದಿಕ್ಕು ನೋಡಿ. ಪಶ್ಚಿಮದ ಗಾಳಿ ಬೀಸುತ್ತಿದ್ದರೆ ಸಾಗರದ ಬದಿಯಲ್ಲಿ, ಪೂರ್ವದ ಗಾಳಿ ಬೀಸುತ್ತಿದ್ದರೆ ಹಿನ್ನೀರಿನ ಬದಿಯಲ್ಲಿ ಅವುಗಳನ್ನು ನೀರಿಗೇ ಬಿಡಬಾರದು, ದಡ ಬಿಟ್ಟು ಹೊರಟರೆ ಹಿಡಿಯಲಾಗದು.

ಪ್ರಶ್ನೆ: ಜುಲೈ ನಡುವಿನಲ್ಲಿ ಹೋದರೂ ನೀರು ಐಸಿನಂತಿತ್ತು ಎಂದು ಸ್ನೇಹಿತರು ಹೇಳಿದರು. ನಿಜವೇ?

ಉತ್ತರ: ನಿಜ. ನೈಋತ್ಯದ ಗಾಳಿ ಕೆಲವು ದಿನ ಬಿಡದೆ ಬೀಸಿದರೆ ಮೇಲ್ಪದರದ ಬೆಚ್ಚನೆಯ ನೀರು ದಡದಿಂದ ಆಚೆ ಸರಿದು, ತಳದ ತಣ್ಣೀರು ಮೇಲೇಳುತ್ತದೆ. ಹ್ಯಾಟರಸ್ ಭೂಶಿರದ ಉತ್ತರಕ್ಕಿರುವ ಬೀಚುಗಳಿಗೇ ಈ ಕಾಟ ಹೆಚ್ಚು. ಗಾಳಿ ತಿರುಗಿದರೆ ಸರಿಹೋಗುತ್ತದೆ. ಅಲ್ಲಿಯವರೆಗೆ ಹಿನ್ನೀರಿಗೆ ಹೋಗಿ, ಅಥವಾ ಭೂಶಿರದಾಚೆ ದಕ್ಷಿಣಕ್ಕೆ ಮುಖ ಮಾಡಿರುವ ಫ್ರಿಸ್ಕೊ ಬೀಚಿಗೆ ಒಂದು ದಿನ ಹೋಗಿ ಬನ್ನಿ.

ಪ್ರಶ್ನೆ: ಸೆಪ್ಟೆಂಬರಿನಲ್ಲಿ ಬಾಡಿಗೆ ಕಡಿಮೆ ಎಂದು ಮನೆ ನೋಡಿದ್ದೇವೆ. ಚಂಡಮಾರುತ ಬಂದರೆ ಹಣ ಹೋದಂತೆಯೇ?

ಉತ್ತರ: ಸೆಪ್ಟೆಂಬರ್ ಒಳ್ಳೆಯ ತಿಂಗಳು. ನೀರು ಇನ್ನೂ ಬೆಚ್ಚಗಿರುತ್ತದೆ, ಜನ ಕಡಿಮೆ. ಆದರೆ ಜೂನ್ 1ರಿಂದ ನವೆಂಬರ್ 30ರವರೆಗಿನ ಚಂಡಮಾರುತದ ಋತುವಿನಲ್ಲಿ ಬಿರುಸಿನ ಕಾಲವೂ ಅದೇ.

ನಾರ್ತ್ ಕ್ಯಾರೊಲಿನಾದಲ್ಲಿ ರಜಾ ಬಾಡಿಗೆಗೆಂದೇ ಒಂದು ಕಾನೂನಿದೆ. ಅಧಿಕಾರಿಗಳು ಕಡ್ಡಾಯ ತೆರವು ಆದೇಶ ಹೊರಡಿಸಿ ನೀವು ಮನೆ ಬಿಡಬೇಕಾಗಿ ಬಂದರೆ, ಇರಲಾಗದ ರಾತ್ರಿಗಳ ಬಾಡಿಗೆ ವಾಪಸು ಸಿಗಬೇಕು. ಇದಕ್ಕೊಂದು ಷರತ್ತಿದೆ. ಬುಕ್ ಮಾಡುವಾಗ ಮನೆ ಬಾಡಿಗೆಗೆ ಕೊಡುವವರು ಇಂಥ ನಷ್ಟ ತುಂಬಿಕೊಡುವ ವಿಮೆಯನ್ನು ಮುಂದಿಟ್ಟಿದ್ದು, ಅದರ ದರ ಒಟ್ಟು ಬಾಡಿಗೆಯ ಶೇ. 8ರೊಳಗಿದ್ದು, ನೀವು ಬೇಡವೆಂದಿದ್ದರೆ ಆ ಹಕ್ಕು ಇಲ್ಲ. ಆನ್‌ಲೈನ್‌ನಲ್ಲಿ ಟಿಕ್ ತೆಗೆದು ಮುಂದೆ ಹೋಗುವಾಗ ನಮ್ಮವರು ಎಡವುವುದು ಇಲ್ಲೇ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಬುಕಿಂಗಿಗೆ ವಿಮೆ ತೆಗೆದುಕೊಳ್ಳಿ, ಅದೂ ಬುಕ್ ಮಾಡಿದ ದಿನವೇ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ಪಾಲಿಸಿ ಆ ಚಂಡಮಾರುತಕ್ಕೆ ಅನ್ವಯಿಸುವುದಿಲ್ಲ. ಆದೇಶವಿಲ್ಲದೆ ಸುಮ್ಮನೆ ಮಳೆ ಸುರಿದರೆ ಹಣ ಬಾರದು.

ತೆರವು ಆದೇಶ ಬಂದ ದಿನವೇ ಹೊರಡಿ. ಸಮುದ್ರದ ಬದಿ ಮಾತ್ರ ಅಪಾಯ, ನಮ್ಮ ಮನೆ ಹಿನ್ನೀರಿನ ಬದಿಗಿದೆ ಎಂದು ಕೂರಬೇಡಿ. ಬಿರುಗಾಳಿ ಹಿನ್ನೀರನ್ನು ಮೊದಲು ಒಂದು ಕಡೆಗೆ ಒತ್ತಿ ಒಟ್ಟುತ್ತದೆ. ಗಾಳಿ ತಿರುಗಿದೊಡನೆ ಅಷ್ಟೂ ನೀರು ದ್ವೀಪದ ಬೆನ್ನಿಗೆ ನುಗ್ಗುತ್ತದೆ. 2019ರ ಸೆಪ್ಟೆಂಬರಿನಲ್ಲಿ ಡೋರಿಯನ್ ಚಂಡಮಾರುತ ಹ್ಯಾಟರಸ್ ಆಚೆಯ ದ್ವೀಪದ ಒಕ್ರಕೋಕ್ ಗ್ರಾಮವನ್ನು ಮುಳುಗಿಸಿದ್ದು ಹೀಗೆಯೇ, ಹಿಂಬದಿಯ ಸುಮಾರು 7 ಅಡಿ ನೀರಿನಿಂದ.

ಪ್ರಶ್ನೆ: ಕಾರನ್ನು ಬೀಚಿನ ಮೇಲೆ ಓಡಿಸಬಹುದಂತೆ, ಕಾಡುಕುದುರೆಗಳನ್ನು ನೋಡಬಹುದಂತೆ. ಬಾಡಿಗೆ ಕಾರಿನಲ್ಲಿ ಹೋಗಬಹುದೇ?

ಉತ್ತರ: ಬಾಡಿಗೆ ಕಾರು ಬೇಡ. ಮಾಮೂಲಿ ಬಾಡಿಗೆ ಕರಾರಿನಲ್ಲಿ ರಸ್ತೆ ಬಿಟ್ಟು ಓಡಿಸುವುದಕ್ಕೆ ನಿಷೇಧವಿರುತ್ತದೆ; ಹೂತರೆ ಎಳೆಸುವ ಖರ್ಚು, ಉಪ್ಪುನೀರಿನ ಹಾನಿ ಎರಡೂ ನಿಮ್ಮ ತಲೆಗೇ. ಕೊರೊಲಾದ ಉತ್ತರಕ್ಕೆ ಡಾಂಬರು ರಸ್ತೆ ಮುಗಿದು ಬೀಚೇ ರಸ್ತೆಯಾಗುತ್ತದೆ. ಅಲ್ಲಿ ಫೋರ್ ವೀಲ್ ಡ್ರೈವ್ ಬೇಕೇ ಬೇಕು, ಬೇಸಿಗೆಯಲ್ಲಿ ಅಲ್ಲಿ ವಾಹನ ನಿಲ್ಲಿಸಲು ಹೊರಗಿನವರಿಗೆ ಕರಿಟಕ್ ಕೌಂಟಿಯ ಪರವಾನಗಿಯೂ ಬೇಕು. ಕುದುರೆ ನೋಡುವುದಷ್ಟೇ ಆಸೆಯಾದರೆ ಕೊರೊಲಾದಿಂದ ತೆರೆದ ಟ್ರಕ್ಕುಗಳಲ್ಲಿ ಕರೆದುಕೊಂಡು ಹೋಗುವವರಿದ್ದಾರೆ, ಅದೇ ಸಲೀಸು.

ಸ್ವಂತ ಗಾಡಿ ಇದ್ದವರು ಹ್ಯಾಟರಸ್ ಕಡೆಯ ರಾಷ್ಟ್ರೀಯ ತೀರದಲ್ಲೂ ಓಡಿಸಬಹುದು. ಅದಕ್ಕೆ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಪಾರ್ಕ್ ಸರ್ವಿಸ್‌ನ ಪ್ರತ್ಯೇಕ ಪರವಾನಗಿ ತೆಗೆದುಕೊಳ್ಳಬೇಕು. ಸಲಿಕೆ, ಜಾಕ್, ಜಾಕ್ ಕೆಳಗಿಡುವ ಹಲಗೆ, ಕಡಿಮೆ ಒತ್ತಡ ತೋರಿಸುವ ಟೈರ್ ಗೇಜ್ ಗಾಡಿಯಲ್ಲಿರಲೇಬೇಕು. ಮರಳಿಗಿಳಿಯುವ ಮೊದಲು ನಾಲ್ಕೂ ಟೈರಿನ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿ. ಟೈರು ಚಪ್ಪಟೆಯಾಗಿ ಮರಳಿನ ಮೇಲೆ ಹರಡಿಕೊಂಡರೆ ಭಾರ ಹಂಚಿಹೋಗುತ್ತದೆ. ಗಾಳಿ ಬಿಡಲು ಸೋಮಾರಿತನ ಮಾಡಿದವರೇ ಹೂತುಕೊಳ್ಳುವುದು. ಚಕ್ರ ಗಿರಗಿರ ತಿರುಗತೊಡಗಿದರೆ ತಕ್ಷಣ ಆಕ್ಸಿಲರೇಟರ್ ಬಿಡಿ, ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಇಳಿದು ಚಕ್ರದ ಮುಂದಿನ ಮರಳು ತೋಡಿ, ಇನ್ನಷ್ಟು ಗಾಳಿ ಇಳಿಸಿ, ಬಂದ ಜಾಡಿನಲ್ಲೇ ನಿಧಾನ ಹಿಂದೆ ತೆಗೆಯಿರಿ. ಉಬ್ಬರದ ವೇಳೆ ನೋಡಿಕೊಳ್ಳದೆ ಹೋಗುವ ಮಾತೇ ಇಲ್ಲ. ರಸ್ತೆಗೆ ಬಂದ ಮೇಲೆ ಮತ್ತೆ ಗಾಳಿ ತುಂಬಿ, ಅದೇ ದಿನ ಗಾಡಿಯ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಯಿರಿ.

ಕುದುರೆಗಳಿಂದ 50 ಅಡಿ ದೂರ ನಿಲ್ಲುವುದು ಅಲ್ಲಿನ ಕಾನೂನು. ಸೇಬು, ಕ್ಯಾರೆಟ್ ಕೊಡುವುದು ಪ್ರೀತಿಯಲ್ಲ. ಒರಟು ಹುಲ್ಲಿಗೆ ಒಗ್ಗಿದ ಆ ಹೊಟ್ಟೆ ಅದನ್ನು ತಾಳದೆ ಕುದುರೆ ಸತ್ತೇಹೋಗಬಹುದು.

ಪ್ರಶ್ನೆ: ದೀಪಸ್ತಂಭವನ್ನೇ ಎತ್ತಿ ಬೇರೆ ಕಡೆ ಇಟ್ಟರಂತೆ. ಮನೆಗಳು ಸಮುದ್ರಕ್ಕೆ ಬೀಳುವ ವಿಡಿಯೊಗಳೂ ಅಲ್ಲಿಯವೇ. ಗೋಡೆ ಕಟ್ಟಿ ತಡೆಯಬಾರದೇಕೆ?

ಉತ್ತರ: ಈ ದ್ವೀಪಗಳು ಬಂಡೆಯ ಮೇಲೆ ನಿಂತಿಲ್ಲ, ಇಡಿಯಾಗಿ ಮರಳು. ದೊಡ್ಡ ಬಿರುಗಾಳಿಯಲ್ಲಿ ಅಲೆಗಳು ಮುಂಬದಿಯ ಮರಳನ್ನು ಎತ್ತಿ ದ್ವೀಪದ ಮೇಲಿನಿಂದ ಹಾಯಿಸಿ ಹಿನ್ನೀರಿನ ಬದಿಗೆ ಚೆಲ್ಲುತ್ತವೆ. ಮುಂದೆ ಕರಗುತ್ತದೆ, ಹಿಂದೆ ಬೆಳೆಯುತ್ತದೆ; ದ್ವೀಪ ನಾಶವಾಗುತ್ತಿಲ್ಲ, ಒಳನಾಡಿನ ಕಡೆಗೆ ಸರಿಯುತ್ತಿದೆ. ಸಮುದ್ರ ಮಟ್ಟ ಏರಿದಷ್ಟೂ ಇದು ಚುರುಕಾಗುತ್ತದೆ. ಸರಿಯದೆ ನಿಂತಲ್ಲೇ ಇರುವುದು ಮನೆ ಮತ್ತು ರಸ್ತೆ. ಗಟ್ಟಿ ಗೋಡೆ ಕಟ್ಟಿದರೆ ಅಪ್ಪಳಿಸಿದ ಅಲೆ ಗೋಡೆಯ ಮುಂದಿನ ಮರಳನ್ನೇ ತೋಡಿ ಒಯ್ಯುತ್ತದೆ: ಗೋಡೆಯ ಹಿಂದಿನ ಮನೆ ಉಳಿದರೂ ಎಲ್ಲರ ಬೀಚು ಹೋಗುತ್ತದೆ. ಹಾಗಾಗಿ ನಾರ್ತ್ ಕ್ಯಾರೊಲಿನಾ ಸಾಗರದ ದಡದಲ್ಲಿ ಇಂಥ ಗೋಡೆಗಳಿಗೆ ಅನುಮತಿ ಕೊಡುವುದಿಲ್ಲ. ಇದು ವಿವೇಕದ ನಿರ್ಧಾರ ಎಂದೇ ನಮ್ಮ ಅಭಿಪ್ರಾಯ.

ಕೇಪ್ ಹ್ಯಾಟರಸ್ ದೀಪಸ್ತಂಭ ಇದನ್ನು ಅಂಕಿಯಲ್ಲೇ ತೋರಿಸುತ್ತದೆ. 1870ರಲ್ಲಿ ಕಟ್ಟಿ ಮುಗಿಸಿದಾಗ ಸಮುದ್ರ 1,500 ಅಡಿ ದೂರವಿತ್ತು. 1970ರ ಹೊತ್ತಿಗೆ ಉಳಿದದ್ದು 120 ಅಡಿ. 1999ರಲ್ಲಿ ಆ ಇಟ್ಟಿಗೆ ಗೋಪುರವನ್ನು ಬುಡಸಮೇತ ಜಾಕ್‌ಗಳಿಂದ ಎತ್ತಿ, ಉಕ್ಕಿನ ಹಳಿಗಳ ಮೇಲೆ ತಳ್ಳುತ್ತ 2,900 ಅಡಿ ಸರಿಸಿದರು. ತಳ್ಳುವ ಕೆಲಸಕ್ಕೆ ಹಿಡಿದದ್ದು 23 ದಿನ. ಬಕ್ಸ್‌ಟನ್ ಊರಿನ ಬಳಿ ಹಳೆಯ ಜಾಗ, ಹೊಸ ಜಾಗ ಎರಡನ್ನೂ ನೋಡಬಹುದು. ಜೀರ್ಣೋದ್ಧಾರದ ಕೆಲಸ ನಡೆಯುತ್ತಿರುವುದರಿಂದ ಒಳಗೆ ಬಿಡುತ್ತಾರೆಯೇ ಎಂದು ಪಾರ್ಕಿನ ವೆಬ್‌ಸೈಟಿನಲ್ಲಿ ನೋಡಿಕೊಂಡು ಹೊರಡಿ. ಹತ್ತುವ ಆಸೆಯಿದ್ದರೆ ಕೊರೊಲಾದ ಕರಿಟಕ್ ದೀಪಸ್ತಂಭಕ್ಕೆ 220 ಮೆಟ್ಟಿಲು. ರೊಡ್ಯಾಂತೆ, ಬಕ್ಸ್‌ಟನ್‌ಗಳಲ್ಲಿ ಮನೆ ಕುಸಿದ ನಂತರ ಮೊಳೆ, ಸೀಳಿದ ಹಲಗೆ ಮೈಲಿಗಟ್ಟಲೆ ಬೀಚಿನ ಮರಳಿನಲ್ಲಿ ಹೂತಿರುತ್ತವೆ. ಅಲ್ಲಿ ಬರಿಗಾಲು ಬೇಡ.

ಪ್ರಶ್ನೆ: ಒಕ್ರಕೋಕ್‌ಗೆ ನ್ಯಾಗ್ಸ್ ಹೆಡ್‌ನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದೇ?

ಉತ್ತರ: ಬೆಳಿಗ್ಗೆ ಆರಕ್ಕೆ ಹೊರಟರೆ ಆಗುತ್ತದೆ. ಆ ದ್ವೀಪಕ್ಕೆ ಸೇತುವೆಯಿಲ್ಲ. ಹ್ಯಾಟರಸ್ ಗ್ರಾಮದವರೆಗೆ ಸುಮಾರು 60 ಮೈಲಿ, ಒಂದೂವರೆ ಗಂಟೆ. ಅಲ್ಲಿಂದ ರಾಜ್ಯ ಸರ್ಕಾರದ ಕಾರ್ ಫೆರಿ. ಟಿಕೆಟ್ ಇಲ್ಲ, ಕಾಯ್ದಿರಿಸುವಿಕೆಯೂ ಇಲ್ಲ, ಸಾಲಿನಲ್ಲಿ ಮೊದಲು ಬಂದವರು ಮೊದಲು ಹತ್ತುತ್ತಾರೆ. ಹಿಂದೆ 40 ನಿಮಿಷದಲ್ಲಿ ದಾಟುತ್ತಿದ್ದ ಅಳಿವೆಯಲ್ಲಿ ಮರಳು ತುಂಬಿ, ಈಗ ಸುತ್ತಿ ಬಳಸಿ ಹೋಗಲು ಒಂದು ಗಂಟೆ ಮೀರುತ್ತದೆ. ಆಚೆ ಇಳಿದ ಮೇಲೂ ಊರಿಗೆ 13 ಮೈಲಿ ಇದೆ. ನಡೆದು ಹತ್ತಿದವರು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಊರಿನೊಳಗೇ ಇಳಿಸುವ ಪ್ರಯಾಣಿಕರ ದೋಣಿ ಬೇಸಿಗೆಯಲ್ಲಿ ಬೇರೆ ಇದೆ, ಅದಕ್ಕೆ ಟಿಕೆಟ್ ಬೇಕು. ವಾಪಸಿಗೆ ಸಂಜೆ ನಾಲ್ಕರ ಸುಮಾರಿಗೆ ಎಲ್ಲರೂ ಒಟ್ಟಿಗೆ ಏಳುತ್ತಾರೆ, ಎರಡು ಗಂಟೆ ಕಾಯಬೇಕಾಗಬಹುದು. ಮಧ್ಯಾಹ್ನ ಎರಡಕ್ಕೆ ಹೊರಡಿ, ಅಥವಾ ರಾತ್ರಿ ಊಟ ಮುಗಿಸಿಕೊಂಡೇ ಬನ್ನಿ. ಸೊಳ್ಳೆ ಔಷಧಿ ಮರೆಯಬೇಡಿ. ಹೊರಡುವ ಮೊದಲು ರಸ್ತೆಗಳ ಸ್ಥಿತಿ ತಿಳಿಸುವ ಡ್ರೈವ್ ಎನ್‌ಸಿ ತಾಣದಲ್ಲಿ ಎನ್‌ಸಿ 12 ತೆರೆದಿದೆಯೇ ನೋಡಿ. ಈಶಾನ್ಯದ ಗಾಳಿ ಜೋರಿದ್ದ ದಿನ ರಸ್ತೆಯ ಮೇಲೆ ನಿಂತಿರುವುದು ಮಳೆನೀರಲ್ಲ, ಸಮುದ್ರದ ನೀರು. ಬ್ರೇಕಿಗೂ ವೈರಿಂಗಿಗೂ ವಿಷ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡುವುದು?

ಉತ್ತರ: ಮನೆಯಲ್ಲಿ ಪೂರ್ಣ ಅಡುಗೆಮನೆ ಇರುತ್ತದೆ, ಹಾಲು ಮೊಸರು ತರಕಾರಿಗೆ ಕೊರತೆಯಿಲ್ಲ. ಬೇಳೆ, ಸಾರಿನ ಪುಡಿ, ಅವಲಕ್ಕಿ, ರವೆಯನ್ನು ಬರುವ ದಾರಿಯಲ್ಲೇ ಕೊಳ್ಳಿ. ರಾಲಿ ಪಕ್ಕದ ಕ್ಯಾರಿ, ಮಾರಿಸ್ವಿಲ್‌ಗಳಲ್ಲಿ ನಮ್ಮ ಅಂಗಡಿಗಳು ಸಾಲುಸಾಲಾಗಿವೆ. ಪ್ರೆಶರ್ ಕುಕ್ಕರ್ ಜೊತೆಗೇ ಒಯ್ಯಿರಿ, ಬಾಡಿಗೆ ಮನೆಯಲ್ಲಿ ಸಿಗುವುದಿಲ್ಲ. ಹೋಟೆಲಿನಲ್ಲಿ ಎರಡು ವಿಷಯ ಕೇಳಿ. ಹಷ್‌ಪಪಿ ಎಂಬ ಮೆಕ್ಕೆಜೋಳದ ಹಿಟ್ಟಿನ ಬೋಂಡ, ಆಲೂಗಡ್ಡೆ ಫ್ರೈ ಎಲ್ಲವನ್ನೂ ಮೀನು ಕರಿದ ಎಣ್ಣೆಯಲ್ಲೇ ಕರಿಯುವುದು ಸಾಮಾನ್ಯ. ಕಾಲರ್ಡ್ ಸೊಪ್ಪು, ಬೀನ್ಸ್ ಪಲ್ಯಕ್ಕೆ ಹಂದಿಮಾಂಸದ ತುಂಡು ಹಾಕುವುದು ಆ ಸೀಮೆಯ ವಾಡಿಕೆ.

ಪ್ರಶ್ನೆ: ಬೀಚ್ ಬಿಟ್ಟು ಬೇರೇನು ನೋಡುವುದು?

ಉತ್ತರ: ಕಿಲ್ ಡೆವಿಲ್ ಹಿಲ್ಸ್‌ನಲ್ಲಿ ರೈಟ್ ಸಹೋದರರ ಸ್ಮಾರಕ. 1903ರ ಡಿಸೆಂಬರ್ 17ರಂದು ವಿಮಾನ ನಾಲ್ಕು ಸಲ ಹಾರಿ ಇಳಿದ ಜಾಗಗಳಲ್ಲಿ ಕಲ್ಲು ನೆಟ್ಟಿದ್ದಾರೆ. ಮೊದಲ ಹಾರಾಟ 12 ಸೆಕೆಂಡು, 120 ಅಡಿ. ನಾಲ್ಕನೆಯದು 852 ಅಡಿ. ಮಕ್ಕಳನ್ನು ಒಂದು ಕಲ್ಲಿನಿಂದ ಇನ್ನೊಂದಕ್ಕೆ ಓಡಿಸಿ, ಅಂತರ ಅವರಿಗೇ ತಿಳಿಯುತ್ತದೆ. ಪಕ್ಕದ ಹಸಿರು ಗುಡ್ಡವೂ ಅಸಲಿಗೆ ಮರಳಿನದೇ. ಗಾಳಿಗೆ ಸರಿಯುತ್ತಿದ್ದುದನ್ನು ಹುಲ್ಲು ನೆಟ್ಟು ನಿಲ್ಲಿಸಿ 1932ರಲ್ಲಿ ಮೇಲೆ ಸ್ತಂಭ ಕಟ್ಟಿದರು. ಸಂಜೆಗೆ ಜಾಕೀಸ್ ರಿಜ್ ಮರಳಗುಡ್ಡ, ಗಾಳಿಪಟಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಧ್ಯಾಹ್ನ ಮರಳು ಕಾಲು ಸುಡುತ್ತದೆ. ಗುಡುಗು ಕೇಳಿದರೆ ಕೂಡಲೇ ಇಳಿದುಬಿಡಿ, ಸುತ್ತ ಅದಕ್ಕಿಂತ ಎತ್ತರದ್ದು ಏನೂ ಇಲ್ಲ.

ಪ್ರಶ್ನೆ: ಮಗನಿಗೆ ಮೀನು ಹಿಡಿಯುವ ಆಸೆ. ಲೈಸೆನ್ಸ್ ಬೇಕೇ?

ಉತ್ತರ: 16 ತುಂಬಿದ್ದರೆ ಬೇಕು, ಆನ್‌ಲೈನ್‌ನಲ್ಲೇ ಸಿಗುತ್ತದೆ. ಸಮುದ್ರದೊಳಕ್ಕೆ ಚಾಚಿರುವ, ಹಣ ಕೊಟ್ಟು ಹೋಗುವ ಮೀನುಗಾರಿಕೆಯ ಕಟ್ಟೆಗಳಲ್ಲಿ (ಪಿಯರ್) ಸಾಮಾನ್ಯವಾಗಿ ಕಟ್ಟೆಯ ಲೈಸೆನ್ಸಿನಡಿಯಲ್ಲೇ ಎಲ್ಲರೂ ಬರುತ್ತಾರೆ. ಬಾಗಿಲಲ್ಲಿ ಕೇಳಿ ಒಳಗೆ ಹೋಗಲಿ.